ಮಿಸ್ ಎಂಬ ಪದವೂ ನಮ್ಮಕ್ಕನೂ

ನಮ್ಮ ಮನೆಯಲ್ಲಿ ಅಕ್ಕಿ ಅಳೆಯುವುದಕ್ಕೆ ಒಂದು ಪಿಂಗಾಣಿ ಮಗ್ಗು ಇದೆ. ಬಿಳಿಯ ಮೈ, ಕೆಂಪು ಹಿಡಿ, ಹೊಟ್ಟೆಯ ಮೇಲೊಂದು ಗುಲಾಬಿ, ಅದರ ಕೆಳಗೆ ಬಳುಕುವ ಇಂಗ್ಲಿಷ್ ಅಕ್ಷರಗಳಲ್ಲಿ ‘ವಿ ಮಿಸ್ ಯು, ಮಿಸ್’ ಎಂಬ ಬರಹ. ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಾನು ನಿವೃತ್ತಳಾದ ದಿನ ಹತ್ತನೇ ತರಗತಿ ‘ಬಿ’ ವಿಭಾಗದ ಮಕ್ಕಳು ಕೊಟ್ಟದ್ದು ಅದು. ಕೈಗೆ ತೆಗೆದುಕೊಂಡವಳು ಅಳು ಬರುವುದಕ್ಕೆ ಮುಂಚೆ ಅಲ್ಪವಿರಾಮ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಿದೆ, ಇತ್ತು, ಆಮೇಲೆ ಅತ್ತೆ. ಮೊದಲ ವಾರ ಅದರಲ್ಲಿ ಕಾಫಿ ಕುಡಿದು ನೋಡಿದೆನಾದರೂ ಸ್ಟೀಲ್ ಲೋಟಕ್ಕೆ ಒಗ್ಗಿದ ತುಟಿಗೆ ಆ ದಪ್ಪ ಅಂಚು ಹಿಡಿಸಲಿಲ್ಲ. ಹೀಗೆ ಅದು ಅಕ್ಕಿ ಡಬ್ಬ ಸೇರಿತು, ಮತ್ತು ಸವಳಂಗ ರಸ್ತೆಯ ಪಕ್ಕದ ಕ್ರಾಸಿನಲ್ಲಿರುವ ನಮ್ಮ ಮನೆಯಲ್ಲಿ ದಿನವೂ ಅದರ ಅಳತೆಯಲ್ಲೇ ಇಬ್ಬರಿಗೆ ಅನ್ನವಾಗುತ್ತದೆ.

ಆದರೆ ಗೆಳೆಯರೇ, ಈ ‘ಮಿಸ್’ ಎಂಬ ಪದದ ಬೆನ್ನು ಹತ್ತಿ ಇತ್ತೀಚೆಗೆ ನಾನು ನಿದ್ದೆಗೆಟ್ಟದ್ದು ಮಗ್ಗಿನ ದೆಸೆಯಿಂದಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ನನ್ನ ಅಕ್ಕ ಶಾರದೆಗೆ ಒಂದು ಕಾಗದ ಬರೆಯಬೇಕಾಗಿತ್ತು. ನಾಲ್ಕು ವರ್ಷಗಳಿಂದ ನಾವಿಬ್ಬರೂ ನೆಟ್ಟಗೆ ಮಾತಾಡಿರಲಿಲ್ಲ. ಅಮ್ಮ ಸತ್ತಾಗ ನನಗೆ ಒಂಬತ್ತು, ಅವಳಿಗೆ ಹದಿನಾರು. ಅವಳು ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದಳು. ರವಿಕೆ ಹೊಲಿದು ನನ್ನನ್ನು ಬಿ.ಎ., ಬಿ.ಎಡ್. ಓದಿಸಿದವಳು, ಹೆಚ್ಚು ಕಡಿಮೆ ಹೆತ್ತವಳೇ ಎನ್ನಿ. ಅವಳಿಗೆ ಬರೆಯಬೇಕಾದದ್ದು ಇಷ್ಟೇ: ನೀನಿಲ್ಲದೆ ನನಗೆ ಆಗುತ್ತಿಲ್ಲ. ಇಂಗ್ಲಿಷಿನಲ್ಲಾದರೆ ‘ಐ ಮಿಸ್ ಯು’ ಎಂಬ ಮೂರೇ ಪದ, ನನ್ನ ಹತ್ತನೇ ‘ಬಿ’ಯ ಕೊನೆಯ ಬೆಂಚಿನ ಹುಡುಗಿಯೂ ತಪ್ಪಿಲ್ಲದೆ ಬರೆದಾಳು. ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡದಲ್ಲಿ ಬರೆಯಲು ಕೂತರೆ, ಜೀವಮಾನವೆಲ್ಲ ಪದಗಳ ಅರ್ಥ ಹೇಳಿ ಹೊಟ್ಟೆ ಹೊರೆದುಕೊಂಡ ನನಗೆ ಒಂದು ಪದ ಸಿಗಲಿಲ್ಲ.

ಪದವೇನೂ ಅಪರಿಚಿತವಲ್ಲ. ನಮ್ಮೂರಲ್ಲಿ ಅದನ್ನು ಇಂಗ್ಲಿಷೆಂದು ಯಾರು ತಿಳಿದಿದ್ದಾರೆ? ಕನ್ನಡ ಮಾತಿನ ಒಳಗೆ ಮನೆಮಗಳ ಹಾಗೆ ಓಡಾಡಿಕೊಂಡಿದೆ. ಮೊದಲನೆಯದಾಗಿ ಅದು ನಾನೇ. ಮದುವೆಯಾಗಿ, ತಲೆ ಅರ್ಧ ನರೆತು, ಮೊಣಕಾಲು ಕಿರುಗುಟ್ಟತೊಡಗಿದ ಮೇಲೂ ಮಕ್ಕಳ ಬಾಯಲ್ಲಿ ನಾನು ಮಿಸ್ಸೇ. ಒಮ್ಮೆ ಶಾಲೆಯ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಫಾರಂ ತುಂಬುತ್ತಾ, “ತಾವು ಮಿಸ್ಸೋ ಮಿಸೆಸ್ಸೋ?” ಎಂದು ಬಹಳ ಗೌರವದಿಂದ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ, “ಮಿಸ್ಸೇ ಸಾರ್, ಅವರ ಯಜಮಾನ್ರು ಮಾಚೇನಹಳ್ಳೀಲಿ ಕೆಲಸ ಮಾಡ್ತಾರೆ” ಎಂಬ ಉತ್ತರ ಬಂತು. ಅಧಿಕಾರಿ ಏನು ಬರೆದುಕೊಂಡರೋ ನನಗೆ ಇವತ್ತಿಗೂ ತಿಳಿಯದು.

ಮಾಚೇನಹಳ್ಳಿಯ ಆ ಯಜಮಾನರಿಗೂ ಈ ಪದ ಬೇಕು, ಆದರೆ ಬೇರೆ ಕೆಲಸಕ್ಕೆ. ಅಲ್ಲಿಯ ವರ್ಕ್‌ಶಾಪೊಂದರಲ್ಲಿ ಲೇತ್ ಮೆಷಿನ್ನಿನ ಮುಂದೆ ಆಯುಷ್ಯ ಕಳೆದ ಅವರು ತಮ್ಮ ಹಳೆಯ ಸ್ಕೂಟರಿನ ಸದ್ದಿಗೆ ಕಿವಿಗೊಟ್ಟು, “ಗಾಡಿ ಮಿಸ್ಸಿಂಗ್ ಹೊಡೀತಾ ಇದೆ” ಎನ್ನುತ್ತಾರೆ. ಉರಿಯಬೇಕಾದ ಗಳಿಗೆಯಲ್ಲಿ ಒಂದು ಸಲ ಉರಿಯದೆ, ತಡವರಿಸಿ, ಮತ್ತೆ ಓಡುವುದಕ್ಕೆ ಆ ಹೆಸರು. ಬಸ್‌ಸ್ಟ್ಯಾಂಡಿನಲ್ಲಿ ಏದುಸಿರು ಬಿಡುತ್ತಾ ನಿಂತವರು ‘ಬಸ್ ಮಿಸ್ಸಾಯ್ತು’ ಎನ್ನುತ್ತಾರೆ. ಆ ಮಾತಿನ ಚಂದ ನೋಡಿ, ತಡಮಾಡಿದವರು ಯಾರೂ ಇಲ್ಲ, ಬಸ್ಸೇ ತಾನಾಗಿ ಮಿಸ್ಸಾಗಿದೆ! ಲಾರಿಯ ಚಕ್ರ ಪಕ್ಕದಲ್ಲೇ ಹಾದುಹೋದರೆ ‘ಜಸ್ಟ್ ಮಿಸ್ಸು’, ಮದುವೆಗೆ ಕರೆದವರು ಹೊಸಿಲು ದಾಟುತ್ತಾ ‘ಮಿಸ್ ಮಾಡ್ಬೇಡಿ ಮತ್ತೆ’, ಮೈದಾನದ ಹುಡುಗರು ಚೆಂಡು ಕೈಜಾರಿಸಿದವನ ಕಡೆ ಕೈ ತೋರಿಸಿ ‘ಕ್ಯಾಚ್ ಮಿಸ್ಸು’. ಒಂದೇ ಪದ ಗುರಿ ತಪ್ಪಿದ್ದಕ್ಕೂ ಸಾವು ತಪ್ಪಿದ್ದಕ್ಕೂ ಹಾಜರಾಗುತ್ತದೆ. ಇಷ್ಟೆಲ್ಲ ಕೆಲಸದ ನಡುವೆ, ಹತ್ತಿರ ಇರಬೇಕಾದ ಒಬ್ಬರು ಹತ್ತಿರ ಇಲ್ಲದಾಗ ಎದೆಯಲ್ಲಿ ಆಗುವ ಅದನ್ನೂ ಇಂಗ್ಲಿಷಿನವರು ಇದೇ ಪದದ ತಲೆಗೆ ಕಟ್ಟಿದ್ದಾರೆ.

ನನಗೆ ಬೇಕಾಗಿದ್ದದ್ದು ಆ ಕೊನೆಯದು ಮಾತ್ರ. ಅಂಚು ಹರಿದ ನನ್ನ ಹಳೆಯ ನಿಘಂಟನ್ನು ಬಿಡಿಸಿದರೆ ಅದು ಕೈತಪ್ಪು, ಗುರಿತಪ್ಪು, ಬಿಟ್ಟುಹೋಗು ಎಂದು ಉದ್ದಕ್ಕೆ ಹೇಳಿಕೊಂಡು ಬಂದು, ಕೊನೆಗೆ ಈ ಅರ್ಥದ ಹತ್ತಿರ ದಮ್ಮು ಕಟ್ಟಿದಂತಾಗಿ ‘ಅಭಾವವನ್ನು ಅನುಭವಿಸು’ ಎಂದುಬಿಟ್ಟಿತ್ತು. ಅಕ್ಕಾ, ನಾನು ನಿನ್ನ ಅಭಾವವನ್ನು ಅನುಭವಿಸುತ್ತಿದ್ದೇನೆ! ಸೀಮೆಎಣ್ಣೆಗೂ ಅಕ್ಕನಿಗೂ ಒಂದೇ ಪದವೇ? ಹೊಡೆದು ಹಾಕಿದೆ. ‘ನಿನ್ನ ನೆನಪು ಬಹಳವಾಗುತ್ತಿದೆ’ ಎಂದು ಬರೆದೆ. ಓದಿದರೆ, ಪತ್ರಿಕೆಯಲ್ಲಿ ಕಪ್ಪು ಚೌಕದೊಳಗೆ ಫೋಟೊ ಹಾಕಿ ಕೆಳಗೆ ಬರೆಯುವ ಸಾಲಿನ ಹಾಗೆ ಕೇಳಿಸಿತು. ಬಿಡ್ತು ಅನ್ನಿ! ಅದನ್ನೂ ಹೊಡೆದೆ. ‘ಹಂಬಲಿಸುತ್ತಿದ್ದೇನೆ’ ಎಂದರೆ, “ಇವಳಿಗೇನು ಬಂತೇ ಈ ವಯಸ್ಸಲ್ಲಿ” ಎಂದು ಅಕ್ಕ ಪಕ್ಕದ ಮನೆಯ ಸೆಲ್ವಿಗೆ ಓದಿ ಹೇಳಿ ನಗುತ್ತಾಳೆ. ವಿರಹವನ್ನು ನಮ್ಮ ಕವಿಗಳು ಪ್ರೇಮಿಗಳಿಗೆ ಬರೆದುಕೊಟ್ಟುಬಿಟ್ಟಿದ್ದಾರೆ, ಅಕ್ಕತಂಗಿಯರಿಗೆ ಅದರಲ್ಲಿ ಪಾಲಿಲ್ಲ. ಹಪಹಪಿ ಎಂದರೆ ನಾಲಗೆಯ ಚಾಪಲ್ಯದಂತಿದೆ, ಕೊರಗು ಎಂದರೆ ಕಾಯಿಲೆಯಂತಿದೆ, ಬೇಜಾರು ಎಂಬುದನ್ನು ನಾವು ಕರೆಂಟು ಹೋದದ್ದಕ್ಕೂ ಬಳಸಿ ಸವೆಸಿದ್ದೇವೆ. ‘ಬಿಕೋ’ ಎಂಬುದೊಂದು ಮಾತ್ರ ನಿಜವಾಗಿ ಎದೆಯ ಹತ್ತಿರ ಬಂತು. ಆದರೆ ಕನ್ನಡದಲ್ಲಿ ಬಿಕೋ ಎನ್ನುವುದು ಮನುಷ್ಯರಲ್ಲ, ಮನೆ. ನಮ್ಮ ಮನೆಯಲ್ಲಿ ಯಜಮಾನರ ಟೀವಿ ದಿನವಿಡೀ ಕಿರುಚುತ್ತಿರುವಾಗ ಅದನ್ನು ಬರೆಯುವುದು ಹೇಗೆ?

ಕೂತು ಯೋಚಿಸಿದರೆ ನಮ್ಮವರು ಈ ಭಾವವನ್ನು ಹೆಸರಿಟ್ಟು ಕರೆದವರೇ ಅಲ್ಲವೇನೋ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ‘ನಾನು’ ಎಂಬುದು ಮೊದಲು ಎದ್ದುನಿಂತು, ಎದೆ ಮುಟ್ಟಿಕೊಂಡು, ಇಂಥ ಕ್ರಿಯೆಯನ್ನು ಮಾಡುತ್ತಿದ್ದೇನೆ ಎಂದು ಘೋಷಿಸುತ್ತದೆ. ನಮ್ಮಲ್ಲಿ ನೆನಪು ಆಗುತ್ತದೆ, ಬೇಸರ ಬರುತ್ತದೆ, ಮನೆ ಬಿಕೋ ಅನ್ನುತ್ತದೆ, ಊಟ ಸೇರುವುದಿಲ್ಲ; ನಾವು ಏನೂ ಮಾಡದವರಂತೆ ಪಕ್ಕದಲ್ಲಿ ನಿಂತಿರುತ್ತೇವೆ. ಅಕ್ಕನಂತೂ ಈ ವಿದ್ಯೆಯಲ್ಲಿ ಪಾರಂಗತೆ. ನಾನು ಬಿ.ಎಡ್. ಓದಲು ಮೈಸೂರಿಗೆ ಹೋದ ಹೊಸತರಲ್ಲಿ ಅವಳಿಂದ ಒಂದು ಕಾರ್ಡು ಬಂದಿತ್ತು. ಕ್ಷೇಮ, ಅಪ್ಪನಿಗೆ ಕಾರ್ಖಾನೆಯಲ್ಲಿ ಈ ವಾರ ಸೆಕೆಂಡ್ ಶಿಫ್ಟು, ಮಳೆ ಚೆನ್ನಾಗಿದೆ ಎಂದೆಲ್ಲ ಬರೆದು, ಕಾರ್ಡಿನ ತುದಿಯಲ್ಲಿ ಜಾಗವಿಲ್ಲದೆ ಅಕ್ಷರಗಳನ್ನು ಒತ್ತೊತ್ತಾಗಿ ಬರೆದಿದ್ದಳು: ‘ನೀನು ಹೋದ ಮೇಲೆ ದಿನಾ ಉಪ್ಪಿಟ್ಟು ಉಳಿಯುತ್ತಿದೆ.’ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಆ ಸಾಲನ್ನು ಓದಿ ನಾನು ಅತ್ತದ್ದು ಅವಳಿಗೆ ಎಂದೂ ಹೇಳಲಿಲ್ಲ. ನಾನು ಉತ್ತರ ಬರೆದದ್ದು ಹಾಸ್ಟೆಲಿನ ಉಪ್ಪಿಟ್ಟು ಚೆನ್ನಾಗಿಲ್ಲ ಎಂದು.

ಅಂಥ ಅಕ್ಕನಿಗೆ ಮೊಬೈಲ್ ಫೋನು ಬಂದಾಗ ಅದು ಮಾತಾಡುವ ಯಂತ್ರವೆಂದು ಅನ್ನಿಸದೆ ಇದ್ದದ್ದು ಆಶ್ಚರ್ಯವಲ್ಲ. ಆ ಕಾಲ ನಿಮಗೂ ನೆನಪಿರಬೇಕು, ಫೋನೆತ್ತಿ ಹಲೋ ಅಂದರೆ ಕರೆನ್ಸಿ ಹೋಗುತ್ತದೆಂದು ಊರಿಗೂರೇ ಮಿಸ್ ಕಾಲ್ ಕೊಟ್ಟುಕೊಂಡು ಬದುಕುತ್ತಿತ್ತು. ನಾನಾಗ ಶಿವಮೊಗ್ಗದಲ್ಲಿ ಸಂಸಾರಸ್ಥೆ, ಅಕ್ಕ ಭಾವ ಓಲ್ಡ್ ಟೌನಿನಲ್ಲಿ. ಭಾನುವಾರ ಭದ್ರಾವತಿಗೆ ಹೋಗಿ ಸಂಜೆ ಬಸ್ಸಿಗೆ ಮರಳುವ ನನಗಾಗಿ ಅಕ್ಕ ಒಂದು ಕಾನೂನು ಮಾಡಿದಳು. ಒಂದು ರಿಂಗು ಎಂದರೆ ಬಸ್ ಹತ್ತಿದೆ, ಎರಡು ರಿಂಗು ಎಂದರೆ ಮನೆ ಸೇರಿದೆ. ಬರಬರುತ್ತಾ ಎರಡು ರಿಂಗಿಗೆ ಇನ್ನೊಂದು ಕೆಲಸ ಬಂತು: ದಿನವೂ ಮಧ್ಯಾಹ್ನ ಒಂದೂವರೆಗೆ ಅವಳಿಂದ ಎರಡು ರಿಂಗು ಬಂದರೆ ‘ಊಟ ಆಯ್ತು’, ನಾನು ತಿರುಗಿ ಎರಡು ಕೊಟ್ಟರೆ ‘ನಂದೂ ಆಯ್ತು’. ಎತ್ತುವ ಹಾಗಿಲ್ಲ. ಒಂದು ದಿನ ಮರೆತು ಎತ್ತಿದ್ದಕ್ಕೆ, “ಎತ್ತಿಬಿಟ್ಯಲ್ಲೇ! ಅಷ್ಟೂ ಗೊತ್ತಾಗಲ್ವಾ? ಟೀಚರ್ ಬೇರೆ ನೀನು!” ಎಂದು ಅದೇ ಕರೆಯಲ್ಲಿ ಹತ್ತು ನಿಮಿಷ ಬೈದಿದ್ದಳು.

ಕಾಲ ಬದಲಾಯಿತು. ಎಷ್ಟು ಮಾತಾಡಿದರೂ ಒಂದೇ ದರ ಎಂಬ ದಿನಗಳು ಬಂದವು, ಜಗತ್ತಿನಲ್ಲಿ ಮಿಸ್ ಕಾಲ್ ಕೊಡುವವರೇ ಇಲ್ಲವಾದರು. ನಾವಿಬ್ಬರು ಮಾತ್ರ ಬಿಡಲಿಲ್ಲ. ನಮಗೆ ಅದು ಉಳಿತಾಯವಾಗಿ ಉಳಿದಿರಲಿಲ್ಲ. ಸ್ಟಾಫ್ ರೂಮಿನ ಮೇಜಿನ ಮೇಲೆ ಫೋನು ಎರಡು ಸಲ ಗುಯ್‌ಗುಟ್ಟಿ ಸುಮ್ಮನಾದರೆ, ಭದ್ರಾವತಿಯಲ್ಲೊಬ್ಬಳು ಉಂಡು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ನನ್ನನ್ನು ನೆನೆದಳು ಎಂದರ್ಥ. ನನ್ನ ಡಬ್ಬಿಯ ಅನ್ನ ಆಮೇಲೆಯೇ ಗಂಟಲಿಗೆ ಇಳಿಯುತ್ತಿದ್ದದ್ದು. ಮಾತಿಗಿಂತ ಅದೇ ನಮಗೆ ಹಿತವಾಗಿತ್ತು.

ನಾಲ್ಕು ವರ್ಷದ ಹಿಂದೆ ಒಂದು ಗುರುವಾರ, ಎರಡನೆಯ ಪಿರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದು ಕೂತಿದ್ದೆ. ಹನ್ನೊಂದೂವರೆಯಿರಬೇಕು. ಅಕ್ಕನ ಹೆಸರು ಮೂಡಿ ಎರಡು ರಿಂಗು ಬಂದು ನಿಂತಿತು. ಇಷ್ಟು ಬೇಗ ಊಟವೇ ಎಂದುಕೊಂಡೆ. ಎಲ್ಲಿಗೋ ಹೊರಟಿರಬೇಕು, ಬೇಗ ಉಂಡಿರಬೇಕು ಎಂದು ನಾನೇ ಕಾರಣ ಹೊಂದಿಸಿಕೊಂಡು ತಿರುಗಿ ಎರಡು ರಿಂಗು ಕೊಟ್ಟೆ. ಮತ್ತೆ ಎರಡು ಬಂತು. ಆಗ ನಾನು ಪಕ್ಕದ ವಿಜ್ಞಾನದ ಮೇಡಂ ಕಡೆ ತಿರುಗಿ, “ನಮ್ಮಕ್ಕನಿಗೆ ಇವತ್ತು ಎರಡೆರಡು ಊಟ” ಎಂದು ನಕ್ಕೆ. ಮೂರನೆಯ ಸಲ ಎರಡು ರಿಂಗು ಬರುವ ಹೊತ್ತಿಗೆ ಗಂಟೆ ಹೊಡೆಯಿತು. ಫೋನನ್ನು ಬ್ಯಾಗಿಗೆ ಹಾಕಿ ತರಗತಿಗೆ ಹೋದೆ.

ಆ ಹೊತ್ತಿನಲ್ಲಿ ಅಕ್ಕನ ಮನೆಯಲ್ಲಿ ಭಾವ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದಿದ್ದರು. ಅಕ್ಕ ಒಂದು ಕೈಯಲ್ಲಿ ಅವರನ್ನು ಆತುಕೊಂಡು ಇನ್ನೊಂದು ಕೈಯಲ್ಲಿ ನನಗೆ ಫೋನ್ ಮಾಡುತ್ತಿದ್ದಳು. ಮೂರು ಗಂಟೆಗೆ ಸೆಲ್ವಿಯ ಕರೆ ಬಂತು, ಅದು ನಿಲ್ಲದೆ ಬಡಿದುಕೊಂಡಾಗ ಎತ್ತಿದೆ. “ಅಕ್ಕಾ, ನೀವು ಬರಬೇಕು, ಅಣ್ಣ ಹೋಗ್ಬಿಟ್ರು” ಎಂದಳು ಅವಳು. ಕೂಗು ಕೇಳಿ ಓಡಿ ಬಂದು, ಆಟೋ ನಿಲ್ಲಿಸಿ, ಆಸ್ಪತ್ರೆಗೆ ಒಯ್ದವಳು ಅವಳೇ. ನಾನು ಎತ್ತಿದ್ದರೆ ಭಾವ ಉಳಿಯುತ್ತಿದ್ದರೆಂದು ಯಾರೂ ಹೇಳಲಿಲ್ಲ, ಮುಕ್ಕಾಲು ಗಂಟೆ ದಾರಿಯಾಚೆ ಇದ್ದ ನಾನು ಏನು ಮಾಡಬಹುದಿತ್ತೆಂದು ನನಗೂ ಗೊತ್ತಿಲ್ಲ. ಆದರೆ ಅಷ್ಟು ಹೊತ್ತು ಅಕ್ಕ ಒಬ್ಬಳೇ ಇರುತ್ತಿರಲಿಲ್ಲ, ಅವಳ ಕಿವಿಯಲ್ಲಿ ನನ್ನ ದನಿಯಾದರೂ ಇರುತ್ತಿತ್ತು. ಅದರ ಬದಲು ಅವಳಿಗೆ ನನ್ನಿಂದ ಸಿಕ್ಕಿದ್ದು ಎರಡು ರಿಂಗು, ‘ನಂದೂ ಊಟ ಆಯ್ತು’.

ಇಷ್ಟಾಗಿದ್ದರೆ ಅದು ಇಬ್ಬರ ದುಃಖವಾಗಿ ಉಳಿಯುತ್ತಿತ್ತು. ಹನ್ನೊಂದನೆಯ ದಿನದ ಕಾರ್ಯದಲ್ಲಿ, ನೆಂಟರೆಲ್ಲ ಊಟ ಮುಗಿಸಿ ಚಾಪೆಯ ಮೇಲೆ ಕೂತಿದ್ದಾಗ, ಯಾರೋ ಆ ದಿನದ ವಿಚಾರ ಎತ್ತಿದರು. ಅಕ್ಕ ಗೋಡೆಗೆ ಒರಗಿಕೊಂಡು, ಯಾರನ್ನೂ ನೋಡದೆ, “ನಾನು ಮೂರು ಸಲ ಫೋನ್ ಮಾಡಿದೆ. ಇವಳು ಎತ್ತಲಿಲ್ಲ” ಎಂದಳು. ಅಷ್ಟೂ ಕಣ್ಣು ನನ್ನ ಕಡೆ ತಿರುಗಿದವು. ನನಗೆ ಏನಾಯಿತೋ, ಅಷ್ಟು ವರ್ಷ ತರಗತಿಯಲ್ಲಿ ತಪ್ಪನ್ನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ತೋರಿಸಿದ ಹಾಳು ಚಾಳಿಯೋ ಏನೋ, ಫೋನು ತೆಗೆದು, ಆ ದಿನದ ಕರೆಗಳು ಎಷ್ಟೆಷ್ಟು ಸೆಕೆಂಡು ರಿಂಗಾದವೆಂಬ ಪಟ್ಟಿ ಬಿಡಿಸಿ, ಅವಳ ಮುಖದ ಮುಂದೆ ಹಿಡಿದು, “ನೋಡಕ್ಕ. ಮೂರು ಸಲಾನೂ ಎರಡೇ ರಿಂಗಿಗೆ ನೀನೇ ಕಟ್ ಮಾಡಿದ್ದೀಯ. ನಾನು ಎತ್ತೋದಾದ್ರೂ ಹೇಗೆ?” ಎಂದೆ. ಮಾತು ಸರಿಯಾಗಿಯೇ ಇತ್ತು, ಸಾಕ್ಷಿಯೂ ಇತ್ತು, ನೆಂಟರಲ್ಲಿ ಒಬ್ಬಿಬ್ಬರು ಹೌದೆಂದು ತಲೆಯನ್ನೂ ಆಡಿಸಿದರು. ಅಕ್ಕ ಫೋನಿನ ಕಡೆ ನೋಡಲಿಲ್ಲ. ಎದ್ದು, ಉಂಡ ಎಲೆಗಳನ್ನು ತೆಗೆಯಲು ಹೋದಳು.

ಜಗಳವೇನೂ ಆಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. ಆಮೇಲೆ ಮದುವೆ ಮುಂಜಿಗಳಲ್ಲಿ ಸಿಕ್ಕರೆ ಅಕ್ಕ, “ಚೆನ್ನಾಗಿದ್ದೀರಾ? ಬನ್ನಿ, ಊಟ ಮಾಡಿ” ಎನ್ನುತ್ತಿದ್ದಳು, ನನ್ನನ್ನೂ ಯಜಮಾನರನ್ನೂ ಒಟ್ಟಿಗೆ ಸೇರಿಸಿ. ನನ್ನೊಬ್ಬಳಿಗೇ ಎಂದು ಒಂದು ‘ಬಾರೇ’ ಅವಳ ಬಾಯಿಂದ ಬರಲಿಲ್ಲ. ಒಂದೂವರೆಯ ಎರಡು ರಿಂಗು ನಿಂತುಹೋಯಿತು. ನಾನಾಗಿ ಕೊಡೋಣವೆಂದರೆ ಆ ಸದ್ದು ಅವಳ ಮನೆಯಲ್ಲಿ ಏನನ್ನು ಎಬ್ಬಿಸುತ್ತದೋ ಎಂದು ಹೆದರಿಕೆ; ಉದ್ದಕ್ಕೆ ರಿಂಗು ಮಾಡಿ ಮಾತಾಡೋಣವೆಂದರೆ ಅವಳು ಎತ್ತದಿದ್ದರೆ ಎಂಬ ಹೆದರಿಕೆ. ನಿವೃತ್ತಳಾಗಿ ಮನೆಯಲ್ಲಿ ಕೂತ ಮೇಲಂತೂ ಒಂದೂವರೆ ಆಗುವುದು ಬೇಡವೆನಿಸುತ್ತಿತ್ತು. ತಟ್ಟೆಯ ಮುಂದೆ ಕೂತು ಫೋನು ನೋಡುತ್ತೇನೆ. ನನ್ನ ಅಕ್ಕ ಉಂಡಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾಲ್ಕು ವರ್ಷ ದಿನವೂ ನಾನು ಉಂಡಿದ್ದೇನೆ, ಒಂದು ದಿನವೂ ಅದು ಗೊತ್ತಿರಲಿಲ್ಲ.

ಹೀಗಾಗಿ ಕಾಗದ. ಹಾಳೆಯ ಮೇಲೆ ಹಾಳೆ ಹೋಯಿತು. ಒಂದು ಮಧ್ಯಾಹ್ನ ಯಜಮಾನರು ಮೇಜಿನ ಮೇಲಿದ್ದ ನನ್ನ ಕರಡನ್ನೆತ್ತಿ, ನೆನಪು, ಹಂಬಲ, ಹಳಹಳಿ, ಅಗಲಿಕೆ ಎಂದು ಬರೆದು ಬರೆದು ಹೊಡೆದದ್ದನ್ನೆಲ್ಲ ಕನ್ನಡಕದ ಮೇಲಿಂದ ನೋಡಿ, “ಇದೇನು, ಪ್ರಶ್ನೆಪತ್ರಿಕೆ ತಯಾರಿಸ್ತಿದ್ದೀಯಾ?” ಎಂದರು. ಅಕ್ಕನಿಗೆ ಬರೆಯುವ ಕಾಗದ ಎಂದೆ. ಪದ ಸಿಗುತ್ತಿಲ್ಲ ಎಂದೆ. ನನ್ನ ಭಾಷಾಶಾಸ್ತ್ರವನ್ನೆಲ್ಲ ಅವರ ಮುಂದೆ ಹರವಿದೆ. ಅವರು ಪೂರ್ತಿ ಕೇಳಿ, ಹಾಳೆಯನ್ನು ಮಡಿಚಿಟ್ಟು, “ಅವರೇನು ಪರದೇಶದಲ್ಲಿದ್ದಾರಾ? ಐದು ನಿಮಿಷಕ್ಕೊಂದು ಬಸ್ ಇದೆ. ಹೋಗಿ ಎದುರಿಗೆ ನಿಂತ್ಕೋ ಮಾರಾಯ್ತಿ, ಪದ ಅಲ್ಲಿ ಹುಡುಕು” ಎಂದರು. ಕೋಪ ಬಂತು. ನಾಲ್ಕು ವರ್ಷದಲ್ಲಿ ಈ ಮಾತನ್ನು ನನಗೆ ನಾನೇ ಹೇಳಿಕೊಳ್ಳದಿದ್ದದ್ದಕ್ಕೆ ಬಂದ ಕೋಪ. ಸೀರೆ ಬದಲಿಸಿ ಹೊರಟೆ.

ಭದ್ರಾವತಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಾಚೇನಹಳ್ಳಿಯಲ್ಲಿ ಶಿಫ್ಟ್ ಮುಗಿಸಿದ ಹೆಣ್ಣುಮಕ್ಕಳು ಒಂದು ಗುಂಪು ಹತ್ತಿ, ಡಬ್ಬಿಯ ಚೀಲಗಳನ್ನು ನನ್ನ ತೊಡೆಯ ಮೇಲೂ ಎರಡು ಇಟ್ಟು, ಕಂಬ ಹಿಡಿದು ನಿಂತರು. ಅವರಲ್ಲೊಬ್ಬಳು ಫೋನಿನಲ್ಲಿ ಯಾರ ಜೊತೆಗೋ ಮನೆಯ ಸಮಾಚಾರವನ್ನೆಲ್ಲ ನಾಚಿಕೆಯಿಲ್ಲದೆ ಜೋರಾಗಿ ಹೇಳಿಕೊಂಡು ನಗುತ್ತಿದ್ದಳು. ಎಷ್ಟು ಸಲೀಸಾಗಿ ಮಾತಾಡುತ್ತಾಳೆ, ಎಷ್ಟು ಬೇಕಾದರೂ ಮಾತಾಡುತ್ತಾಳೆ! ನನಗೆ ಹೊಟ್ಟೆಕಿಚ್ಚಾಯಿತು. ಅಕ್ಕನೂ ನಾನೂ ಅಷ್ಟು ವರ್ಷ ಮಾತನ್ನು ಮಿಗಿಸಿ ಮಿಗಿಸಿ ಇಟ್ಟು, ಬೇಕಾದ ದಿನ ಬಳಸಲು ಬರದವರಾದೆವಲ್ಲ ಅನ್ನಿಸಿತು. ಆಗ ನನ್ನ ಬಗ್ಗೆ ನನಗೇ ಒಂದು ವಿಷಯ ಹೊಳೆಯಿತು, ಹೊಳೆದದ್ದು ಹಿತವಾಗಿರಲಿಲ್ಲ. ‘ನಿನ್ನನ್ನು ಮಿಸ್ ಮಾಡಿಕೊಳ್ಳುತ್ತಿದ್ದೇನೆ’ ಎಂಬುದಕ್ಕೆ ಕನ್ನಡ ಹುಡುಕಿಕೊಂಡು ನಾನು ನಿಘಂಟು ತಿರುವುತ್ತಿದ್ದದ್ದು, ಹುಡುಕಬೇಕಾಗಿಯೇ ಇಲ್ಲದ ಬೇರೆ ಎರಡು ಮಾತು ಹೇಳುವುದನ್ನು ಮುಂದಕ್ಕೆ ಹಾಕುವುದಕ್ಕೆ. ಆ ಮಾತುಗಳು ಮೂರನೇ ತರಗತಿಯ ಮಕ್ಕಳಿಗೂ ಬರುತ್ತವೆ. ಉಳಿದ ದಾರಿಯಲ್ಲಿ ನಾನು ಅವನ್ನೇ ಮನಸ್ಸಿನಲ್ಲಿ ಹೇಳಿ ಹೇಳಿ ನೋಡಿಕೊಂಡೆ.

ಓಲ್ಡ್ ಟೌನಿನ ಪೇಟೆ ದಾಟಿ ಅಕ್ಕನ ಬೀದಿಗೆ ತಿರುಗಿದಾಗ ಸೆಲ್ವಿ ಬಾಗಿಲಲ್ಲೇ ಕಂಡಳು. ನನ್ನನ್ನು ನೋಡಿ ಒಂದು ಗಳಿಗೆ ಬೆರಗಾಗಿ ನಿಂತು, “ಒಳಗೇ ಇದ್ದಾರೆ, ಹೋಗಿ ಅಕ್ಕಾ” ಎಂದಷ್ಟೇ ಹೇಳಿದಳು. ಅಕ್ಕ ಮುಂದಿನ ಕೋಣೆಯಲ್ಲಿ ಬೀದಿಯ ಬೆಳಕಿಗೆ ಮುಖ ಮಾಡಿ ಹೊಲಿಗೆ ಮೆಷಿನ್ನಿನ ಹಿಂದೆ ಕೂತಿದ್ದಳು, ಮಡಿಲಲ್ಲಿ ನೇರಳೆ ಬಣ್ಣದ ರವಿಕೆ. ಬಹಳ ಇಳಿದುಹೋಗಿದ್ದಳು. ತಲೆಯೆತ್ತಿ ನೋಡಿ, “ಬಂದ್ಯಾ” ಎಂದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕುರ್ಚಿಯಲ್ಲಿ ಕೂರದೆ, ಅವಳ ಮೆಷಿನ್ನಿನ ಪಕ್ಕ ನೆಲದ ಮೇಲೆ ಕೂತೆ.

“ಅಕ್ಕಾ, ಅವತ್ತು ನಾನು ಎತ್ತಬೇಕಿತ್ತು,” ಎಂದೆ. “ಒಂದೂವರೆ ಅಲ್ಲದ ಹೊತ್ತಲ್ಲಿ ಫೋನ್ ಬಂದಿದೆ ಅಂದ್ರೆ ಏನು ಅಂತ ನಾನೇ ತಿರುಗಿ ಮಾಡಿ ಕೇಳಬೇಕಿತ್ತು. ಕೇಳಲಿಲ್ಲ. ಆಮೇಲೆ ಎಲ್ಲರ ಎದುರಿಗೆ ಆ ಮಾತು ಆಡಿದೆ. ತಪ್ಪಾಯ್ತು ಅಕ್ಕ.”

ಅಕ್ಕ ರವಿಕೆಯ ಅಂಚನ್ನು ಬೆರಳಲ್ಲಿ ನೇವರಿಸಿದಳು.

“ಕಟ್ ಮಾಡಿದ್ದು ನಾನೇ ಕಣೇ,” ಎಂದಳು. “ನಂಗೆ ಗೊತ್ತಿಲ್ಲ ಅನ್ಕೊಂಡಿದ್ಯಾ? ಎರಡು ರಿಂಗ್ ಆಗ್ತಿದ್ದ ಹಾಗೆ ಬೆರಳು ತಾನಾಗೇ ಹೋಗಿ ಕೆಂಪು ಗುಂಡಿ ಒತ್ತಿಬಿಡ್ತು. ಮೂರು ಸಲಾನೂ. ಅವರು ಅಲ್ಲಿ ಒದ್ದಾಡ್ತಿದ್ದಾರೆ, ನಾನು ಇಲ್ಲಿ ಕಟ್ ಮಾಡ್ತಿದ್ದೀನಿ. ಅವತ್ತಿಂದ ದಿನಾ ನಂಗೆ ಅದೇ. ಊರೋರೆಲ್ಲ ಹೇಳಿದ್ರೂ ತಡ್ಕೊಂತಿದ್ದೆ. ನೀನು ಹೇಳಬಾರದಿತ್ತು.”

“ಹೇಳಬಾರದಿತ್ತು,” ಎಂದೆ. ಅವಳ ಮಂಡಿಗೆ ಹಣೆ ಹಚ್ಚಿ ಅತ್ತೆ, ಐವತ್ತೊಂಬತ್ತರ ವಯಸ್ಸಿನಲ್ಲಿ, ಬೀದಿಗೆ ಕಾಣುವ ಹಾಗೆ. ಅಕ್ಕ ಅಳಲಿಲ್ಲ, ಅವಳು ಅಷ್ಟನ್ನೂ ಅತ್ತು ಮುಗಿಸಿದ್ದಳೆಂದು ಕಾಣುತ್ತದೆ. ಸ್ವಲ್ಪ ಹೊತ್ತು ನನ್ನ ಬೆನ್ನ ಮೇಲೆ ಕೈಯಿಟ್ಟಿದ್ದು, ಆಮೇಲೆ ಮೆಷಿನ್ನಿನ ಮೇಲಿಂದ ಒಂದು ತಗಡಿನ ಡಬ್ಬಿಯನ್ನೂ ದಾರದ ಉಂಡೆಯನ್ನೂ ತೆಗೆದು ನನ್ನ ಕೈಗಿಟ್ಟಳು. “ಅಳೋದಾದ್ರೆ ಆಮೇಲೆ ಅಳು. ಮೊದಲು ಸೂಜಿಗೆ ದಾರ ಪೋಣಿಸಿಕೊಡು. ಈ ರವಿಕೆಗೆ ಹುಕ್ಕು ಹಾಕಿ ಸಂಜ್ಗೆ ಕೊಡಬೇಕು, ನಂಗೆ ಸೂಜಿ ಕಣ್ಣು ಕಾಣಲ್ಲ ಈಗ.”

“ಇಷ್ಟು ದಿನ ಯಾರು ಪೋಣಿಸ್ತಿದ್ರು?”

“ಯಾರು ಸಿಕ್ತಾರೋ ಅವರು. ಸೆಲ್ವಿ, ಸೊಪ್ಪಿನೋಳು, ಕರೆಂಟ್ ಬಿಲ್ ಕೊಡೋಕೆ ಬರೋನು. ಬಾಗಿಲಲ್ಲಿ ಸೂಜಿ ಹಿಡ್ಕೊಂಡು ನಿಂತಿರ್ತೀನಿ, ಬೀದೀಲಿ ಹೋಗೋರನ್ನ ಕರೀತೀನಿ.”

ನಾನು ಕನ್ನಡಕ ಒರೆಸಿಕೊಂಡು ಬಾಗಿಲ ಬೆಳಕಿಗೆ ಸರಿದು ಕೂತೆ. ನಾಲ್ಕು ವರ್ಷ ನನ್ನ ಅಕ್ಕ ಸೂಜಿ ಹಿಡಿದು ಬೀದಿ ಬಾಗಿಲಲ್ಲಿ ನಿಂತಿದ್ದಳು, ನಾನು ಮುಕ್ಕಾಲು ಗಂಟೆ ದೂರದಲ್ಲಿ ಕೂತು ಪದ ಹುಡುಕುತ್ತಿದ್ದೆ. ಮೊದಲ ಸೂಜಿ ಪೋಣಿಸಿದೆ. ಡಬ್ಬಿಯಲ್ಲಿ ಇನ್ನೂ ಸೂಜಿಗಳಿದ್ದವು. ಎರಡನೆಯದಕ್ಕೆ ಪೋಣಿಸಿದೆ, ಮೂರನೆಯದಕ್ಕೂ. ಇನ್ನು ಮುಂದೆ ಅವಳು ಯಾರಿಗೂ ಕಾಯುವುದು ಬೇಡವೆಂದು, ಇದ್ದಬದ್ದ ಸೂಜಿಗಳಿಗೆಲ್ಲ ಉದ್ದುದ್ದ ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಒಂದು ಬಟ್ಟೆಯ ತುಂಡಿಗೆ ಸಾಲಾಗಿ ಚುಚ್ಚುತ್ತಾ ಹೋದೆ. ಹನ್ನೊಂದು ಸೂಜಿಗಳಾದವು.

ಅಕ್ಕ ಆ ಬಟ್ಟೆಯ ತುಂಡನ್ನು ನೋಡಿದಳು, ನನ್ನನ್ನು ನೋಡಿದಳು.

“ಅಷ್ಟೂ ಪೋಣಿಸಿಟ್ಟು ಹೋಗ್ತೀಯಾ?” ಎಂದಳು. “ಮತ್ತೆ ಬರಲ್ವೇನೇ?”

ಅಕ್ಕ ಸಾಲಿನಿಂದ ಒಂದೇ ಒಂದು ಸೂಜಿ ಕಿತ್ತುಕೊಂಡು, ರವಿಕೆಗೆ ಮೊದಲ ಹುಕ್ಕು ಇಟ್ಟಳು.

“ಒಂದು ಸಾಕು. ಮುಗಿದಾಗ ಬಾ.”

ಉಳಿದ ಹತ್ತು ಸೂಜಿಗಳ ದಾರವನ್ನೂ ಒಂದೊಂದಾಗಿ ಎಳೆದು ತೆಗೆದು, ಉಂಡೆಗೆ ಸುತ್ತಿಟ್ಟೆ.